ಕೊಪ್ಪಳದಲ್ಲಿ ಕೂತು ಪರದೇಶಕ್ಕೆ ಮಾರುವುದು: ಮೊದಲ ಪಾರ್ಸೆಲ್ ಗಡಿ ದಾಟುವವರೆಗೆ

ಆನ್‌ಲೈನ್‌ನಲ್ಲಿ ಹೊರದೇಶಕ್ಕೆ ಮಾರಬೇಕು ಅನ್ನುವವರು ನಮ್ಮ ಕಡೆ ಮೊದಲು ಕೇಳುವುದು ಒಂದೇ ಪ್ರಶ್ನೆ: "ಯಾವ ವೆಬ್‌ಸೈಟಿಗೆ ಹಾಕೋಣ್ರಿ ಸರ?" ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ವೆಬ್‌ಸೈಟಿನಲ್ಲಿ ಅಂಗಡಿ ತೆರೆಯಲು ಒಂದು ಮಧ್ಯಾಹ್ನ ಸಾಕು. ಸರಕು ಯಾವುದು, ಅದನ್ನು ಯಾವ ದೇಶ ಒಳಗೆ ಬಿಡುತ್ತದೆ, ಗಿರಾಕಿಯ ಬಾಗಿಲಿಗೆ ಮುಟ್ಟುವಷ್ಟರಲ್ಲಿ ಖರ್ಚು ಎಷ್ಟಾಗುತ್ತದೆ, ದುಡ್ಡು ಯಾವ ದಾರಿಯಿಂದ ನಮ್ಮ ಖಾತೆಗೆ ಬರುತ್ತದೆ ಎಂಬ ನಾಲ್ಕು ಸಂಗತಿ ಗಟ್ಟಿಯಾಗದೆ ಅಂಗಡಿ ತೆರೆದರೆ ಮೊದಲ ಆರ್ಡರ್ ಬಂದ ದಿನವೇ ತಲೆಬಿಸಿ ಶುರು. ಹಾಗಾಗಿ ಇಲ್ಲಿ ಸರಕಿನಿಂದಲೇ ಹೊರಡುತ್ತೇನೆ.

ಯಾವ ಸರಕು?

ಕೊಪ್ಪಳ, ಬಳ್ಳಾರಿ, ರಾಯಚೂರು, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಮಾರುವಂಥದ್ದಕ್ಕೆ ಬರವಿಲ್ಲ. ಕೊಪ್ಪಳದ ಕಿನ್ನಾಳದ ಬಣ್ಣದ ಮರದ ಗೊಂಬೆ, ಸಂಡೂರಿನ ಲಂಬಾಣಿ ಕಸೂತಿ, ಆನೆಗೊಂದಿಯ ಬಾಳೆನಾರಿನ ಚೀಲ, ಬಳ್ಳಾರಿಯ ಜೀನ್ಸ್, ಭಾಗ್ಯನಗರದ ಕೂದಲು, ರಾಯಚೂರು-ಗಂಗಾವತಿಯ ಸೋನಾ ಮಸೂರಿ. ಆದರೆ ಇವೆಲ್ಲ ಹೊಸಬರಿಗೆ ಹೊಂದುವಂಥವಲ್ಲ.

ಅಕ್ಕಿಯನ್ನು ಮೊದಲೇ ಪಕ್ಕಕ್ಕಿಡಿ. ತೂಕ ಹೆಚ್ಚು, ಬೆಲೆ ಕಡಿಮೆ. ತಿನ್ನುವ ಪದಾರ್ಥವಾದ್ದರಿಂದ ಅಮೆರಿಕಕ್ಕಾದರೆ ಅಲ್ಲಿನ ಆಹಾರ ಇಲಾಖೆಗೆ ಮುಂಗಡ ಸೂಚನೆ ಕೊಡಬೇಕು, ಇಲ್ಲಿ ಎಫ್‌ಎಸ್‌ಎಸ್‌ಎಐ ಪರವಾನಗಿ ಬೇಕು. ಅದು ಕಂಟೇನರ್ ಲೆಕ್ಕದ ವ್ಯಾಪಾರ, ಪಾರ್ಸೆಲ್‌ನದ್ದಲ್ಲ. ಕಚ್ಚಾ ಕೂದಲಿನ ರಫ್ತನ್ನು 2022ರ ಜನವರಿಯಲ್ಲಿ ಸರಕಾರ ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಭಾಗ್ಯನಗರದ ಅನುಭವಿಗಳೇ ನಿಯಮ ನೋಡಿಕೊಂಡು ಹೆಜ್ಜೆ ಇಡುವ ಕ್ಷೇತ್ರ ಅದು. ಬಳ್ಳಾರಿ ಜೀನ್ಸ್ ಒಳ್ಳೆಯ ಮಾಲು, ಆದರೆ ಒಂದೊಂದಾಗಿ ಮಾರಿದರೆ ಅಳತೆ ಸರಿಹೋಗಲಿಲ್ಲ ಎಂದು ವಾಪಸ್ ಬರುವುದರಲ್ಲೇ ಲಾಭ ಕರಗುತ್ತದೆ. ದೊಡ್ಡ ಬ್ರ್ಯಾಂಡಿನ ಹೋಲಿಕೆಯ ಲೇಬಲ್ ಇದ್ದರಂತೂ ಗಡಿಯಲ್ಲೇ ಜಪ್ತಿ. ಜೀನ್ಸನ್ನು ಸಗಟಿನಲ್ಲಿ ಕೊಳ್ಳುವವರಿಗೆ ತೋರಿಸಿ.

ಹೊಸಬರಿಗೆ ನಾನು ಹೇಳುವುದು ಲಂಬಾಣಿ ಕಸೂತಿಯ ಸಣ್ಣ ವಸ್ತುಗಳನ್ನು: ದಿಂಬಿನ ಕವರ್, ಹೆಗಲ ಚೀಲ, ಗೋಡೆಗೆ ತೂಗುವ ಬಟ್ಟೆ. ಹಗುರ, ಮಡಚಬಹುದು, ಒಡೆಯುವುದಿಲ್ಲ, ಅಳತೆಯ ಜಗಳವಿಲ್ಲ. ಒಂದು ಪರೀಕ್ಷೆ ಮಾತ್ರ ತಪ್ಪಿಸಬೇಡಿ. ಬಿಳಿ ಕರವಸ್ತ್ರ ಒದ್ದೆ ಮಾಡಿ, ಹಿಂಡಿ, ಕೆಂಪು ಮತ್ತು ನೀಲಿ ಬಟ್ಟೆಯ ಮೇಲೆ ಗಟ್ಟಿಯಾಗಿ ಉಜ್ಜಿ ನೋಡಿ. ಬಣ್ಣ ಬಿಟ್ಟರೆ ಆ ಥಾನಿನಿಂದ ಮಾಡಿದ್ದನ್ನು ಕಳಿಸಬೇಡಿ. ಗಿರಾಕಿಯ ಬಿಳಿ ಸೋಫಾಕ್ಕೆ ಬಣ್ಣ ಹತ್ತಿದರೆ ನಿಮ್ಮ ಅಂಗಡಿಯ ರೇಟಿಂಗ್ ಮೇಲೇಳುವುದು ಕಷ್ಟ. ಕನ್ನಡಿ ಚೂರುಗಳ ಅಂಚು ದಾರದೊಳಗೆ ಪೂರ್ತಿ ಕೂತಿದೆಯಾ ಅಂತ ಬೆರಳಾಡಿಸಿ ನೋಡಿ.

ಕಿನ್ನಾಳದ ಗೊಂಬೆಯ ಸೂಕ್ಷ್ಮ

ಕಿನ್ನಾಳದ ಕೆಲಸದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಎಲ್ಲರ ಕಣ್ಣು ಅದರ ಮೇಲೆ. ಹಗುರ ಮರ, ಹುಣಸೆಬೀಜದ ಅಂಟು, ಅದರ ಮೇಲೆ ಚಿತ್ರಗಾರರ ಬಣ್ಣ. ಹೊರದೇಶದ ಕನ್ನಡಿಗರ ಮನೆಗಳಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವವರಿದ್ದಾರೆ, ಗಿರಾಕಿ ಸಿಗುತ್ತಾರೆ. ತೊಡಕು ಇರುವುದು 'ಆಟಿಕೆ' ಎಂಬ ಹಣೆಪಟ್ಟಿಯಲ್ಲಿ.

ಅಮೆರಿಕದಲ್ಲಿ 12 ವರ್ಷ ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳಿಗೆಂದು ಮಾರುವ ಆಟಿಕೆಗೆ ಬಣ್ಣದಲ್ಲಿನ ಸೀಸ ಮೊದಲಾದವುಗಳ ಪ್ರಯೋಗಾಲಯ ಪರೀಕ್ಷೆ ಮತ್ತು ಪ್ರಮಾಣಪತ್ರ ಬೇಕು. ಯುರೋಪಿನಲ್ಲಿ ಸುರಕ್ಷತೆಯ ಸಿಇ ಗುರುತು ಮತ್ತು ಆಟಿಕೆಗಳ ಇಎನ್ 71 ಮಾನದಂಡ. ಕೈಯಲ್ಲಿ ನಾಲ್ಕಾರು ಗೊಂಬೆ ಮಾಡುವವರಿಗೆ ಆ ಪರೀಕ್ಷೆಯ ಖರ್ಚು ಗಿಟ್ಟುವುದಿಲ್ಲ. ಆದ್ದರಿಂದ ಗರುಡ, ಕಾಮಧೇನು, ಗಣಪನನ್ನು ದೊಡ್ಡವರು ಕಪಾಟಿನಲ್ಲಿಡುವ ಅಲಂಕಾರ ವಸ್ತುವಾಗಿ ಮಾರಿ. ಸುಂಕಕ್ಕಾಗಿ ಸರಕುಗಳನ್ನು ವಿಂಗಡಿಸುವ ಎಚ್‌ಎಸ್ ಕೋಡ್‌ನಲ್ಲಿ ಆಟಿಕೆಗೆ 9503, ಮರದ ಮೂರ್ತಿ ಹಾಗೂ ಅಲಂಕಾರ ವಸ್ತುಗಳಿಗೆ 4420. ಆದರೆ ಕಾಗದದಲ್ಲಿ ಅಲಂಕಾರ ಅಂತ ಬರೆದು, ಫೋಟೋದಲ್ಲಿ ಮಗು ಅದನ್ನು ಹಿಡಿದು ಆಡುತ್ತಿರುವಂತೆ ತೋರಿಸಿದರೆ ನಡೆಯುವುದಿಲ್ಲ. ಚಿತ್ರ, ವಿವರಣೆ, ಕಾಗದ ಮೂರೂ ಒಂದೇ ಮಾತು ಹೇಳಬೇಕು. ತೊಟ್ಟಿಲ ಮೇಲೆ ಕಟ್ಟುವ ಗಿಳಿಯಂಥದ್ದನ್ನು, ಪರೀಕ್ಷೆ ಮಾಡಿಸದೆ ಪಟ್ಟಿಗೆ ಹಾಕಲೇಬೇಡಿ.

ಇನ್ನೊಂದು ಸಂಗತಿ ಹೆಸರು. ಕಿನ್ನಾಳದ ಗೊಂಬೆಗೂ ಸಂಡೂರು ಲಂಬಾಣಿ ಕಸೂತಿಗೂ ಭೌಗೋಳಿಕ ಸೂಚಕ ಇದೆ. ಬೇರೆ ಊರಿನ ಮಾಲಿಗೆ ಆ ಹೆಸರು ಹಚ್ಚುವಂತಿಲ್ಲ. ಅಲ್ಲಿನ ಕುಶಲಕರ್ಮಿಯೇ ಆಗಿದ್ದರೆ ಚೆನ್ನೈನ ನೋಂದಣಿ ಕಚೇರಿಯಲ್ಲಿ ಅಧಿಕೃತ ಬಳಕೆದಾರರಾಗಿ ದಾಖಲಾಗಿ. ಮಾಡಿದವರಿಂದ ಕೊಂಡು ಮಾರುವವರಾದರೆ ಖರೀದಿಯ ರಸೀದಿ ಇಟ್ಟುಕೊಳ್ಳಿ, ಮಾಡಿದವರ ಒಪ್ಪಿಗೆ ಪಡೆದು ಅವರ ಹೆಸರನ್ನೂ ಪುಟದಲ್ಲಿ ಹಾಕಿ. ಯಾರ ಕೈಯಿಂದ ಬಂದದ್ದು ಎಂದು ತಿಳಿದ ವಸ್ತುವಿಗೆ ಹೊರಗಿನವರು ಎರಡು ಕಾಸು ಹೆಚ್ಚು ಕೊಡುತ್ತಾರೆ.

ಒಂದು ದೇಶ ಹಿಡಿಯಿರಿ

'ಜಗತ್ತಿನಾದ್ಯಂತ ಕಳಿಸುತ್ತೇವೆ' ಎಂದು ಬರೆಯುವುದು ಸುಲಭ. ಹೊಸಬರು ಮಾಡಬಾರದ್ದೂ ಅದೇ.

ಅಮೆರಿಕ ದೊಡ್ಡ ಮಾರುಕಟ್ಟೆ, ನಿಜ. ಆದರೆ 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಸುಂಕವಿಲ್ಲ ಎಂಬ ಸವಲತ್ತು 2025ರ ಆಗಸ್ಟ್ 29ಕ್ಕೆ ನಿಂತಿತು. ಆ ಹೊತ್ತಿಗೆ ನಮ್ಮ ಅಂಚೆ ಇಲಾಖೆ ಅಲ್ಲಿಗೆ ಬಹುತೇಕ ಪಾರ್ಸೆಲ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿ, ಅಕ್ಟೋಬರ್‌ನಲ್ಲಿ ಸುಂಕವನ್ನು ಬುಕಿಂಗ್ ವೇಳೆಯೇ ಕಟ್ಟಿಸಿಕೊಳ್ಳುವ ಪದ್ಧತಿಯೊಂದಿಗೆ ಮತ್ತೆ ಶುರು ಮಾಡಿತು. ಸುಂಕದ ದರ ಪದೇ ಪದೇ ಬದಲಾಗುತ್ತಿರುವುದರಿಂದ ಕಳಿಸುವ ದಿನದ ದರ ನೋಡಿಯೇ ಬೆಲೆ ಹೇಳಬೇಕು. ಯುರೋಪಿಯನ್ ಒಕ್ಕೂಟದಲ್ಲಿ 2024ರ ಡಿಸೆಂಬರ್ 13ರಿಂದ ಹೊಸ ಉತ್ಪನ್ನ ಸುರಕ್ಷತಾ ನಿಯಮ ಜಾರಿಯಲ್ಲಿದೆ: ಅಲ್ಲಿಯೇ ಇರುವ ಒಬ್ಬ ಜವಾಬ್ದಾರ ಪ್ರತಿನಿಧಿಯ ಹೆಸರು, ವಿಳಾಸ ವಸ್ತುವಿನ ಜೊತೆ ಇರಬೇಕು. ಹಣ ಕೊಟ್ಟು ಪ್ರತಿನಿಧಿ ನೇಮಿಸಬಹುದು, ಆದರೆ ಹತ್ತು ಕವರ್ ಮಾರುವವರಿಗೆ ಅದು ಹೊರೆ.

ಕಸೂತಿಗೆ ನನ್ನ ಆಯ್ಕೆ ಬ್ರಿಟನ್ ಅಥವಾ ಆಸ್ಟ್ರೇಲಿಯಾ. ದೊಡ್ಡ ತಾಣಗಳ ಮೂಲಕ ಮಾರಿದರೆ ಬ್ರಿಟನ್ನಿನಲ್ಲಿ 135 ಪೌಂಡ್‌ವರೆಗಿನ, ಆಸ್ಟ್ರೇಲಿಯಾದಲ್ಲಿ 1000 ಆಸ್ಟ್ರೇಲಿಯನ್ ಡಾಲರ್‌ವರೆಗಿನ ವಸ್ತುಗಳ ಸ್ಥಳೀಯ ತೆರಿಗೆಯನ್ನು ತಾಣವೇ ಗಿರಾಕಿಯಿಂದ ವಸೂಲು ಮಾಡಿ ಕಟ್ಟುತ್ತದೆ. ಬಾಗಿಲಲ್ಲಿ ಅಂಚೆಯವನ ಮುಂದೆ ನಿಂತು "ಇದಕ್ಕೂ ಟ್ಯಾಕ್ಸಾ?" ಎನ್ನುವ ಪ್ರಸಂಗ ಬರುವುದಿಲ್ಲ. ಮರ ಮತ್ತು ನಾರಿನ ವಸ್ತುಗಳಿಗೆ ಮಾತ್ರ ಆಸ್ಟ್ರೇಲಿಯಾ ಬೇಡ. ಅಲ್ಲಿ ಜೈವಿಕ ತಪಾಸಣೆ ಬಲು ಬಿಗಿ, ಹುಳು ಕೊರೆದ ಒಂದು ತೂತು ಕಂಡರೂ ಸರಕು ನಿಲ್ಲುತ್ತದೆ.

ಕಾಗದಪತ್ರ, ಇದೇ ಕ್ರಮದಲ್ಲಿ

ಮೊದಲು ಹೆಸರು ಹೊಂದಿಸಿ. ಪ್ಯಾನ್‌ನಲ್ಲಿ ಬಸವರಾಜ, ಆಧಾರ್‌ನಲ್ಲಿ ಬಸವರಾಜಪ್ಪ, ಬ್ಯಾಂಕಿನಲ್ಲಿ ಇನಿಷಿಯಲ್ ಮಾತ್ರ ಇದ್ದರೆ ಮುಂದಿನ ಪ್ರತಿ ಹೆಜ್ಜೆಯಲ್ಲೂ ಅರ್ಜಿ ಹಿಂದಕ್ಕೆ ಬರುತ್ತದೆ. ಅಕ್ಷರಕ್ಕೆ ಅಕ್ಷರ ಒಂದೇ ಆಗಲಿ. ಮನೆಯೇ ಅಂಗಡಿಯಾಗಿದ್ದು, ಜೆಸ್ಕಾಂ ಬಿಲ್ ಅಪ್ಪನ ಹೆಸರಿನಲ್ಲಿದ್ದರೆ ಅವರಿಂದ ಒಪ್ಪಿಗೆ ಪತ್ರ ಬರೆಸಿಟ್ಟುಕೊಳ್ಳಿ.

ಆಮೇಲೆ ಚಾಲ್ತಿ ಖಾತೆ. ತಾಲೂಕಿನ ಸಣ್ಣ ಶಾಖೆಗಳಲ್ಲಿ ವಿದೇಶಿ ವಿನಿಮಯದ ಕೆಲಸ ನಡೆಯದಿರುವುದೇ ಹೆಚ್ಚು. ಖಾತೆ ತೆರೆಯುವ ಮೊದಲೇ "ನಿಮ್ಮ ಬ್ಯಾಂಕಿನ ಫಾರೆಕ್ಸ್ ಶಾಖೆ ಯಾವುದ್ರಿ, ಎಡಿ ಕೋಡ್ ಪತ್ರ ಅಲ್ಲಿಂದ ತರಿಸಿ ಕೊಡ್ತೀರಾ?" ಅಂತ ಕೇಳಿ. ತಡಬಡಿಸಿದರೆ ಪಕ್ಕದ ಬ್ಯಾಂಕ್ ನೋಡಿ. ಎಡಿ ಕೋಡ್ 14 ಅಂಕಿಯದ್ದು. ರಫ್ತಿನ ಹಣ ಯಾವ ಬ್ಯಾಂಕಿನ ಮೂಲಕ ಬರುತ್ತದೆ ಎಂದು ಕಸ್ಟಮ್ಸ್‌ಗೆ ಹೇಳುವುದು ಅದೇ.

ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ ಉಚಿತ, ಆಧಾರ್ ಇದ್ದರೆ ಕೂತಲ್ಲೇ ಆಗುತ್ತದೆ. ಜಿಎಸ್‌ಟಿ ನೋಂದಣಿಗೂ ಸರಕಾರಿ ಶುಲ್ಕವಿಲ್ಲ. ಕಡಿಮೆ ವಹಿವಾಟಿಗೆ ಜಿಎಸ್‌ಟಿ ಬೇಡವಲ್ಲ ಎನ್ನುವ ವಾದ ಇಲ್ಲಿ ಬೇಡ, ಮಾಡಿಸಿಬಿಡಿ. ರಫ್ತಿಗೆ ತೆರಿಗೆ ದರ ಶೂನ್ಯ. ಪ್ರತಿ ಆರ್ಥಿಕ ವರ್ಷದ ಆರಂಭದಲ್ಲಿ ಜಿಎಸ್‌ಟಿ ಪೋರ್ಟಲ್‌ನಲ್ಲಿ ಆರ್‌ಎಫ್‌ಡಿ-11 ನಮೂನೆ ತುಂಬಿ ಎಲ್‌ಯುಟಿ, ಅಂದರೆ ಮುಚ್ಚಳಿಕೆ, ಸಲ್ಲಿಸಿದರೆ ತೆರಿಗೆ ಕಟ್ಟದೆಯೇ ಸರಕು ಕಳಿಸಬಹುದು. ಬಟ್ಟೆ, ದಾರ ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಮರುಪಾವತಿಗೆ ಕೇಳಬಹುದು. ಏಪ್ರಿಲ್‌ನಲ್ಲಿ ಎಲ್‌ಯುಟಿ ನವೀಕರಿಸುವುದನ್ನು ಮರೆಯುವವರು ಬಹಳ.

ನಂತರ ಐಇಸಿ, ಅಂದರೆ ಆಮದು-ರಫ್ತು ಕೋಡ್. ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ತಾಣದಲ್ಲಿ ಅರ್ಜಿ, ಶುಲ್ಕ 500 ರೂಪಾಯಿ. ಪ್ಯಾನ್ ಸಂಖ್ಯೆಯೇ ಐಇಸಿ ಸಂಖ್ಯೆ ಆಗುತ್ತದೆ. ಸರಕಾರಿ ತಾಣದ ಹಾಗೇ ಕಾಣುವ ಏಜೆಂಟರ ತಾಣಗಳು ಗೂಗಲ್‌ನಲ್ಲಿ ಮೇಲೆ ಬರುತ್ತವೆ, ಮೂರು ನಾಲ್ಕು ಸಾವಿರ ಕೇಳುತ್ತವೆ. ವಿಳಾಸದ ಕೊನೆಗೆ ಸರಕಾರಿ ತಾಣದ ಗುರುತಾದ gov.in ಇದೆಯಾ ನೋಡಿ. ಪ್ರತಿವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಒಳಹೋಗಿ ವಿವರ ಖಚಿತಪಡಿಸಬೇಕು, ಏನೂ ಬದಲಾಗದಿದ್ದರೂ ಸರಿ. ಬಿಟ್ಟರೆ ಕೋಡ್ ನಿಷ್ಕ್ರಿಯವಾಗುತ್ತದೆ.

ಇಷ್ಟಕ್ಕೂ ಸಹಾಯ ಬೇಕಿದ್ದರೆ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ. ರಾಜ್ಯದ ವಿಶ್ವೇಶ್ವರಯ್ಯ ವಾಣಿಜ್ಯ ಉತ್ತೇಜನ ಕೇಂದ್ರ ರಫ್ತು ತರಬೇತಿಗಳನ್ನು ನಡೆಸುತ್ತದೆ, ಮುಂದಿನದು ಯಾವಾಗ ಎಂದು ಅಲ್ಲೇ ವಿಚಾರಿಸಬಹುದು.

ಬೆಲೆ: ಗಿರಾಕಿಯ ಬಾಗಿಲಿನಿಂದ ಹಿಂದಕ್ಕೆ ಲೆಕ್ಕ

ಬಹಳಷ್ಟು ಜನ ಕೊಪ್ಪಳದ ಬೆಲೆಯನ್ನು ಡಾಲರ್‌ಗೆ ತಿರುಗಿಸಿ ಹಾಕುತ್ತಾರೆ, ತಿಂಗಳ ಕೊನೆಗೆ ಕೈಯಿಂದ ಹೋಗಿರುತ್ತದೆ. ಒಂದು ಜೊತೆ ದಿಂಬಿನ ಕವರ್ ತೆಗೆದುಕೊಳ್ಳೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಬಟ್ಟೆ, ದಾರ, ಕಸೂತಿ ಕೂಲಿ ಸೇರಿ 1100 ರೂಪಾಯಿ. ಪ್ಯಾಕಿಂಗ್ 70. ಅಂಚೆ 900. ಒಟ್ಟು 2070. ನಿಮಗೆ 500 ಉಳಿಯಬೇಕು, ಅಲ್ಲಿಗೆ 2570.

ಈಗ ಕಡಿತಗಳು. ಕೈಕೆಲಸದ ವಸ್ತುಗಳಿಗೆ ಹೆಸರಾದ ಎಟ್ಸಿಯಂಥ ತಾಣ, ಪಟ್ಟಿಗೆ ಹಾಕುವ ಪ್ರತಿ ವಸ್ತುವಿಗೆ 0.20 ಡಾಲರ್ ತೆಗೆದುಕೊಳ್ಳುತ್ತದೆ, ಮಾರಾಟವಾದಾಗ ಸಾಗಣೆಯ ಹಣವೂ ಸೇರಿದ ಮೊತ್ತದ ಮೇಲೆ ಶೇ. 6.5. ಅದರ ಮೇಲೆ ಹಣ ಪಾವತಿಯ ಶುಲ್ಕ, ಡಾಲರನ್ನು ರೂಪಾಯಿಗೆ ತಿರುಗಿಸುವ ಕಡಿತ. ಎಲ್ಲ ಸೇರಿ ಶೇ. 12 ಎಂದಿಟ್ಟುಕೊಳ್ಳಿ. ಕಳೆದುಹೋದದ್ದು, ವಾಪಸ್ ಬಂದದ್ದಕ್ಕೆ ಶೇ. 5 ತೆಗೆದಿಡಿ. ಒಟ್ಟು ಶೇ. 17.

ಇಲ್ಲೇ ಎಡವುವುದು. 2570ಕ್ಕೆ ಶೇ. 17 ಸೇರಿಸಿದರೆ 3007. ಆದರೆ ತಾಣ ಕಡಿತ ಮಾಡುವುದು 3007ರ ಮೇಲೆ. ಕೈಗೆ ಉಳಿಯುವುದು 2496, ಅಂದರೆ 74 ರೂಪಾಯಿ ಖೋತಾ. ಸರಿಯಾದ ಲೆಕ್ಕ ಭಾಗಾಕಾರದ್ದು: 2570 ಭಾಗಿಸು 0.83, ಅಂದರೆ ಸುಮಾರು 3096. ಲೆಕ್ಕದ ಅನುಕೂಲಕ್ಕೆ ಡಾಲರ್‌ಗೆ 85 ರೂಪಾಯಿ ಹಿಡಿದರೆ 36.40, ಪಟ್ಟಿಯಲ್ಲಿ 37 ಡಾಲರ್. "ಅಷ್ಟು ರೇಟಿಗೆ ಯಾರ್ ತಗೋತಾರ್ರಿ?" ಅಂತ ಕಸೂತಿ ಹಾಕುವ ಅಕ್ಕಂದಿರೇ ಗಾಬರಿಯಾಗುತ್ತಾರೆ. ತೆಗೆದುಕೊಳ್ಳುತ್ತಾರೆ. ಯಂತ್ರದ ಕಸೂತಿಯ ಜೊತೆ ಬೆಲೆಯಲ್ಲಿ ಪೈಪೋಟಿಗಿಳಿದರೆ ಮಾತ್ರ ನೀವು ಸೋಲುತ್ತೀರಿ.

ಗಾತ್ರದ ತೂಕವನ್ನೂ ನೆನಪಿಡಿ. ಕೊರಿಯರ್‌ನವರು ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. 30, 25, 20ರ ಪೆಟ್ಟಿಗೆ 15000, ಅಂದರೆ 3 ಕೆಜಿ. ಒಳಗಿನ ಗರುಡ 800 ಗ್ರಾಮೇ ಇದ್ದರೂ ನೀವು ಕಟ್ಟುವುದು 3 ಕೆಜಿಯ ದುಡ್ಡು. ಪೆಟ್ಟಿಗೆಯನ್ನು ಗೊಂಬೆಯ ಅಳತೆಗೆ ಮಾಡಿಸಿ.

ಅಂಗಡಿ, ಫೋಟೋ, ಬರಹ

ಈಗ ವೆಬ್‌ಸೈಟ್. ಕೈಕೆಲಸಕ್ಕೆ ಎಟ್ಸಿ, ಒಂದೇ ಮಾದರಿಯನ್ನು ನೂರಾರು ಮಾಡುವ ಶಕ್ತಿ ಇದ್ದರೆ ಅಮೆಜಾನ್‌ನ ಜಾಗತಿಕ ಮಾರಾಟ, ಸ್ವಂತ ತಾಣ ಆಮೇಲೆ ಎಂದಾದರೂ. ಇಷ್ಟೇ ಸಾಕು ಈ ವಿಷಯಕ್ಕೆ.

ಫೋಟೋವನ್ನು ಬೆಳಿಗ್ಗೆ ಎಂಟರೊಳಗೆ ಪಡಸಾಲೆಯ ನೆರಳಿನಲ್ಲಿ ತೆಗೆಯಿರಿ. ನಮ್ಮ ಮಧ್ಯಾಹ್ನದ ಬಿಸಿಲಿಗೆ ಕೆಂಪು ಕಿತ್ತಳೆಯಾಗಿ ಕಾಣುತ್ತದೆ. ಒಂದು ಚಿತ್ರ ಪೂರ್ತಿ, ಒಂದು ಹೊಲಿಗೆಯ ಹತ್ತಿರದ್ದು, ಒಂದು ಹಿಂಬದಿಯದ್ದು, ಒಂದು ಕೈಯಲ್ಲಿ ಹಿಡಿದದ್ದು. ಹಿಂಬದಿ ತೋರಿಸಿದರೆ ಕೈಕಸೂತಿ ಎಂದು ಬೇರೆ ಹೇಳಬೇಕಿಲ್ಲ. ಅಳತೆಯನ್ನು ಇಂಚು ಮತ್ತು ಸೆಂಟಿಮೀಟರ್ ಎರಡರಲ್ಲೂ ಕೊಡಿ, ದಿಂಬು ಒಳಗಿಲ್ಲ, ಕವರ್ ಮಾತ್ರ ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ಗಣಕ ಅನುವಾದದ ಇಂಗ್ಲಿಷ್ ನಂಬಬೇಡಿ, ಊರಿನ ಇಂಗ್ಲಿಷ್ ಮೇಷ್ಟ್ರಿಗೆ ಒಮ್ಮೆ ತೋರಿಸಿ.

ಪ್ಯಾಕಿಂಗ್ ಮತ್ತು ರವಾನೆ

ಬಟ್ಟೆಗೆ ನೀರು ತಾಗದ ಚೀಲ ಸಾಕು. ಗೊಂಬೆಗೆ ಎರಡು ಪೆಟ್ಟಿಗೆ. ಮೊದಲು ಮುರಿಯುವುದು ಗರುಡನ ರೆಕ್ಕೆಯ ತುದಿ, ಗಣಪನ ಮೇಲ್ಗೈಗಳು. ಅವಕ್ಕೆ ಮೆತ್ತನೆ ಕಾಗದ ಬೇರೆಯಾಗಿ ಸುತ್ತಿ, ಆಮೇಲೆ ಇಡೀ ಗೊಂಬೆಗೆ ಬಬಲ್ ಹಾಳೆ, ಒಳಪೆಟ್ಟಿಗೆ, ಸುತ್ತ ಐದು ಸೆಂಟಿಮೀಟರ್ ತುಂಬುವ ಸಾಮಾನು, ಹೊರಪೆಟ್ಟಿಗೆ. ಬಬಲ್ ಹಾಳೆಯನ್ನು ಹೊಸ ಬಣ್ಣದ ಮೇಲೆ ನೇರ ಸುತ್ತಿದರೆ ಸೆಕೆಗೆ ಗುಳ್ಳೆಗಳ ಅಚ್ಚು ಬಣ್ಣದ ಮೇಲೆ ಮೂಡುತ್ತದೆ, ನಡುವೆ ತೆಳು ಬಟ್ಟೆ ಇರಲಿ. ಮುಗಿದ ಮೇಲೆ ಸೊಂಟದೆತ್ತರದಿಂದ ಒಮ್ಮೆ ಬೀಳಿಸಿ, ಬಿಚ್ಚಿ ನೋಡಿ. ಮನಸ್ಸು ಬಾರದಿದ್ದರೆ ಪ್ಯಾಕಿಂಗ್ ಸಾಲದು ಅಂತಲೇ ಅರ್ಥ.

ಕಳಿಸಲು ಎರಡು ದಾರಿ. ಒಂದು, ಅಂಚೆಯ ಡಾಕ್ ಘರ್ ನಿರ್ಯಾತ್ ಕೇಂದ್ರ. ಅದರ ಪೋರ್ಟಲ್‌ನಲ್ಲಿ ಐಇಸಿ, ಜಿಎಸ್‌ಟಿ, ಎಡಿ ಕೋಡ್ ದಾಖಲಿಸಿದರೆ ಅಂಚೆ ರಫ್ತು ಬಿಲ್ಲನ್ನು ಮನೆಯಲ್ಲೇ ತುಂಬಿ, ಲೇಬಲ್ ಮುದ್ರಿಸಿಕೊಂಡು ಹತ್ತಿರದ ಕೇಂದ್ರಕ್ಕೆ ಕೊಟ್ಟು ಬರಬಹುದು. ಕಸ್ಟಮ್ಸ್ ಕೆಲಸ ವಿದೇಶಿ ಅಂಚೆ ಕಚೇರಿಯಲ್ಲಿ ನಡೆಯುತ್ತದೆ, ನೀವು ಹೋಗಬೇಕಿಲ್ಲ. ಇನ್ನೊಂದು ಖಾಸಗಿ ಕೊರಿಯರ್: ಬೇಗ, ದುಬಾರಿ. ಅವರಿಗೆ "ಸಿಎಸ್‌ಬಿ-5ರಲ್ಲೇ ಹಾಕಿ" ಎಂದು ಒತ್ತಿ ಹೇಳಿ; ಅದು ಕೊರಿಯರ್‌ನಲ್ಲಿ ಹೋಗುವ ವ್ಯಾಪಾರದ ಸರಕಿಗೆ ಕಸ್ಟಮ್ಸ್‌ನ ನಮೂನೆ. ಸಿಎಸ್‌ಬಿ-4 ಮಾದರಿ ಹಾಗೂ ಉಡುಗೊರೆಗಳದ್ದು. ಅದರಲ್ಲಿ ಕಳಿಸಿದರೆ ಲೆಕ್ಕದಲ್ಲಿ ಅದು ವ್ಯಾಪಾರದ ರಫ್ತೇ ಅಲ್ಲ, ಜಿಎಸ್‌ಟಿ ಮರುಪಾವತಿಗೂ ಕುತ್ತು.

ವಿವರಣೆಯಲ್ಲಿ 'ಕರಕುಶಲ ವಸ್ತು' ಅಂತಷ್ಟೇ ಬರೆದರೆ ಸಾಲದು. ಏನು, ಯಾವುದರಿಂದ, ಎಷ್ಟು: ಹತ್ತಿ ಬಟ್ಟೆಯ ದಿಂಬಿನ ಕವರ್, ಕೈಕಸೂತಿ, ಎರಡು. ಇನ್‌ವಾಯ್ಸ್ ಮೇಲೆ ಎಲ್‌ಯುಟಿ ಸಂಖ್ಯೆ ಮತ್ತು ತೆರಿಗೆ ಪಾವತಿಸದೆ ರಫ್ತು ಎಂಬ ಸಾಲು ಇರಲಿ. "ಗಿಫ್ಟ್ ಅಂತ ಬರೀರಿ, ಬೆಲೆ ಹತ್ತು ಡಾಲರ್ ಹಾಕಿ" ಅಂತ ಗಿರಾಕಿ ಕೇಳುವುದುಂಟು. ಒಪ್ಪಬೇಡಿ. ಸುಳ್ಳು ಘೋಷಣೆಯ ಸಹಿ ನಿಮ್ಮದು, ಪಾರ್ಸೆಲ್ ಕಳೆದರೆ ಪರಿಹಾರ ಸಿಗುವುದೂ ಆ ಹತ್ತು ಡಾಲರ್‌ಗೇ.

ನವರಾತ್ರಿಗೆ ಮುಟ್ಟಬೇಕಾದ ಗೊಂಬೆ ಆಗಸ್ಟ್‌ನಲ್ಲೇ ಹೊರಡಲಿ, ಕ್ರಿಸ್‌ಮಸ್‌ನದ್ದು ನವೆಂಬರ್ ಮೊದಲ ವಾರದೊಳಗೆ.

ದುಡ್ಡು

ಗೂಗಲ್ ಪೇ, ಫೋನ್‌ಪೇ ಮರೆತುಬಿಡಿ. ತಾಣದ ಮೂಲಕ ಮಾರಿದರೆ ತಾಣ ಸೂಚಿಸಿದ ದಾರಿಯಲ್ಲೇ ಹಣ ಬರುತ್ತದೆ. ನೇರ ಗಿರಾಕಿಯಾದರೆ ಪೇಪಾಲ್, ಅಥವಾ ಅವರ ಬ್ಯಾಂಕಿನಿಂದ ನಿಮ್ಮ ಬ್ಯಾಂಕಿಗೆ ನೇರ ವರ್ಗಾವಣೆ, ಅಂದರೆ ಸ್ವಿಫ್ಟ್. ಸಣ್ಣ ಮೊತ್ತಕ್ಕೆ ಸ್ವಿಫ್ಟ್ ಶುಲ್ಕ ಗಿಟ್ಟುವುದಿಲ್ಲ. ಬ್ಯಾಂಕಿನವರು ಪರ್ಪಸ್ ಕೋಡ್, ಅಂದರೆ ಹಣ ಯಾತಕ್ಕೆ ಬಂತು ಎಂಬುದರ ಸಂಕೇತ, ಕೇಳುತ್ತಾರೆ: ಸರಕು ಕಳಿಸುವ ಮೊದಲೇ ಬಂದ ಮುಂಗಡಕ್ಕೆ ಪಿ0103. ಸೇವೆಯ ಕೋಡ್ ಹಾಕಿಬಿಟ್ಟರೆ ಬಂದ ಹಣಕ್ಕೂ ಹೋದ ಸರಕಿಗೂ ತಾಳೆಯಾಗದೆ ರಫ್ತು ಬಾಕಿ ಎಂದೇ ತೋರಿಸುತ್ತಿರುತ್ತದೆ. ಹಣ ತರಿಸಿಕೊಳ್ಳಲು ಇದ್ದ 9 ತಿಂಗಳ ಗಡುವನ್ನು ರಿಸರ್ವ್ ಬ್ಯಾಂಕ್ 2025ರ ನವೆಂಬರ್‌ನಲ್ಲಿ 15 ತಿಂಗಳಿಗೆ ಏರಿಸಿತು, ಆದರೆ ಹೊಸಬರಿಗೆ ಉದ್ದರಿಯ ಮಾತೇ ಬೇಡ.

ಮೋಸದ ಎರಡು ಮಾದರಿ ಗುರುತಿಟ್ಟುಕೊಳ್ಳಿ. ಹೆಚ್ಚು ಹಣ ಹಾಕಿದ್ದೇನೆ, ಉಳಿದದ್ದನ್ನು ನನ್ನ ಕೊರಿಯರ್ ಏಜೆಂಟನಿಗೆ ಕಳಿಸಿ ಎನ್ನುವವನು ಒಬ್ಬ. ಹಣ ಬಂದಿದೆ, ಬಿಡುಗಡೆಗೆ ಶುಲ್ಕ ಕಟ್ಟಿ ಎಂಬ ಮಿಂಚಂಚೆ ಇನ್ನೊಂದು. ಮಿಂಚಂಚೆಯಲ್ಲಿನ ಕೊಂಡಿ ಒತ್ತದೆ, ನಿಮ್ಮ ಖಾತೆಗೇ ಲಾಗಿನ್ ಆಗಿ ಹಣ ಕಂಡರೆ ಮಾತ್ರ ನಂಬಿ. ಪೇಪಾಲ್‌ನಲ್ಲಿ ಗಿರಾಕಿ 180 ದಿನದವರೆಗೂ ತಕರಾರು ಎತ್ತಬಹುದು. ಅಲ್ಲಿಯವರೆಗೆ ಪ್ಯಾಕಿಂಗ್ ಫೋಟೋ, ಅಂಚೆ ರಸೀದಿ, ಟ್ರ್ಯಾಕಿಂಗ್ ಪುಟದ ಪ್ರತಿ ಇಟ್ಟುಕೊಳ್ಳಿ.

ಹಣ ಬಂದ ಮೇಲೆ ಅದಕ್ಕೂ ರಫ್ತು ಬಿಲ್ಲಿಗೂ ಬ್ಯಾಂಕಿನಲ್ಲಿ ಜೋಡಿ ಹಾಕಿಸಿ, ಡಿಜಿಎಫ್‌ಟಿ ತಾಣದಲ್ಲಿ ಇ-ಬಿಆರ್‌ಸಿ, ಅಂದರೆ ರಫ್ತಿನ ಹಣ ಬ್ಯಾಂಕಿಗೆ ಬಂದ ಪ್ರಮಾಣಪತ್ರ, ತೆಗೆಯಿರಿ. ಇದನ್ನು ತಿಂಗಳಿಗೊಮ್ಮೆ ಮಾಡಿ, ವರ್ಷಕ್ಕೊಮ್ಮೆ ಅಲ್ಲ.

ದೊಡ್ಡ ಆರ್ಡರ್ ಬಂದರೆ

ಕವರ್ ಕೊಂಡ ಒಬ್ಬ ಅಂಗಡಿಯವರು "200 ಬೇಕು, ಎರಡು ತಿಂಗಳಲ್ಲಿ" ಎಂದು ಬರೆದರೆ ಅದೇ ದಿನ ಹೂಂ ಅನ್ನಬೇಡಿ. ತಾಂಡಾಕ್ಕೆ ಹೋಗಿ ಕೇಳಿ. ಸುಗ್ಗಿ ಇದೆಯಾ, ಮದುವೆಗಳಿವೆಯಾ, ಕಬ್ಬು ಕಡಿಯಲು ಗುಳೆ ಹೋಗುವವರು ಯಾರು, ಕಸೂತಿಗೆ ಕೂರುವ ಕೈಗಳೆಷ್ಟು? ಒಬ್ಬರು ದಿನಕ್ಕೆ ಎಷ್ಟು ಅಂಗುಲ ಹಾಕಬಲ್ಲರು ಎಂಬುದರ ಮೇಲೆ ದಿನ ಲೆಕ್ಕ ಹಾಕಿ, ಅದಕ್ಕೆ ಕಾಲುಭಾಗ ಸೇರಿಸಿ ಗಡುವು ಹೇಳಿ. ಒಂದು ಮಾದರಿ ಕಳಿಸಿ ಬಣ್ಣಕ್ಕೆ ಲಿಖಿತ ಒಪ್ಪಿಗೆ ಪಡೆಯಿರಿ. ಅರ್ಧ ಹಣ ಮುಂಗಡ, ಉಳಿದರ್ಧ ಸರಕು ಹೊರಡುವ ಮೊದಲು. ಆ ಮುಂಗಡದಲ್ಲಿ ಮೊದಲು ಕೊಡಬೇಕಾದದ್ದು ಕಸೂತಿ ಹಾಕುವವರ ಕೂಲಿ. ಅಷ್ಟು ಮಾಲಿಗೆ ಒಂದೊಂದೇ ಪಾರ್ಸೆಲ್ ಕಳಿಸುತ್ತ ಕೂರುವ ಬದಲು ಬೆಂಗಳೂರಿನ ಕಸ್ಟಮ್ಸ್ ಬ್ರೋಕರ್ ಒಬ್ಬರ ಮೂಲಕ ಶಿಪ್ಪಿಂಗ್ ಬಿಲ್ (ರಫ್ತಿಗಾಗಿ ಕಸ್ಟಮ್ಸ್‌ಗೆ ಸಲ್ಲಿಸುವ ದಾಖಲೆ) ಹಾಕಿಸಿ ವಿಮಾನದಲ್ಲಿ ಒಟ್ಟಿಗೆ ಕಳಿಸಿದರೆ ಕೆಜಿ ಲೆಕ್ಕದಲ್ಲಿ ಅಗ್ಗ. ನಿಮ್ಮ ಎಡಿ ಕೋಡನ್ನು ಆ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ದಾಖಲಿಸಲು ಕೆಲವು ದಿನ ಹಿಡಿಯುವುದರಿಂದ, ಸರಕು ಸಿದ್ಧವಾಗುವವರೆಗೆ ಕಾಯದೆ ಮುಂಗಡ ಬಂದ ವಾರವೇ ಆ ಕೆಲಸಕ್ಕೆ ಕೈ ಹಾಕಿ.